ರುಜು ಹಾಕದ ವೆಂಕಟರತ್ನಮ್ಮ

“ಇಲ್ಲೊಂದು ರುಜು ಹಾಕು” ಎಂದು ಮ್ಯಾನೇಜರ್ ಜಯರಾಮಪ್ಪ ಕಾಗದವನ್ನು ಮೇಜಿನ ಮೇಲೆ ಸರಿಸಿದ.

ವೆಂಕಟರತ್ನಮ್ಮ ಕಾಗದ ನೋಡಲಿಲ್ಲ, ಅವನ ಮುಖ ನೋಡಿದಳು. “ಏನು ಬರ್ದೈತೆ ಸಾರ್ ಇದ್ರಾಗೆ?”

“ಏನಿರುತ್ತೆ? ನಡೆದದ್ದೇ ಇದೆ.”

“ಓದಿ ಏಳಿ.”

ಜಯರಾಮಪ್ಪ ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದ. ಅಡುಗೆ ಕೆಲಸದ ವೆಂಕಟರತ್ನಮ್ಮ ಎಂಬ ನಾನು, ಬಿಸಾಡಬೇಕಾದ ಖಾಲಿ ಡಬ್ಬಿಗಳಿಗೆ ಅಂಗಡಿಯ ಕಾಫಿಪುಡಿ ತುಂಬಿ ಬಳಸಿದ್ದರಿಂದ ಕಾಫಿ ಮಿಷನ್ ಕೆಟ್ಟಿರುತ್ತದೆ. ತಪ್ಪನ್ನು ಒಪ್ಪಿಕೊಂಡು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಸ್ವಂತ ಇಚ್ಛೆ ಎನ್ನುವಲ್ಲಿ ಅವನ ದನಿ ಸ್ವಲ್ಪ ತಗ್ಗಿತು. ಅಷ್ಟರ ಮಟ್ಟಿಗೆ ಮನುಷ್ಯನಿಗೆ ನಾಚಿಕೆ ಉಳಿದಿತ್ತು ಎನ್ನಬೇಕು.

“ನಾನು ತುಂಬಿಲ್ಲ.”

“ನಿನ್ನ ಚೀಲದಲ್ಲಿ ಹತ್ತು ಖಾಲಿ ಡಬ್ಬಿ ಸಿಕ್ಕಿಲ್ವಾ?”

“ಸಿಕ್ಕೈತೆ. ನಮ್ಮೂರಾಗೆ ಎಣ್ಮಕ್ಕಳು ಅದ್ರಾಗೆ ಕುಂಕ್ಮ ಇಟ್ಕೋತಾರೆ. ಬಂದು ನೋಡಿ ಬೇಕಾದ್ರೆ.”

ಅದು ನಿಜವೇ ಆಗಿತ್ತು. ಕ್ಯಾಸಂಬಳ್ಳಿಯ ಪಕ್ಕದ ಅವಳ ಊರಿನಲ್ಲಿ ಕನ್ನಡಿ ಇಡುವ ಗೂಡಿನಲ್ಲೆಲ್ಲ ಹೊಳೆಹೊಳೆಯುವ ಆ ಪುಟ್ಟ ಡಬ್ಬಿಗಳು ಕೂತಿದ್ದವು. ಆದರೆ ಜಯರಾಮಪ್ಪನಿಗೆ ನಿಜ ಬೇಕಿರಲಿಲ್ಲ, ರುಜು ಬೇಕಿತ್ತು.

ಅದು ತೊಂಬತ್ತೆರಡನೇ ಇಸವಿ. ಚಿನ್ನದ ಗಣಿಗಳಿಗೆ ನೀರೆತ್ತುವ ಪಂಪು ಒದಗಿಸುತ್ತಿದ್ದ ಒಂದು ಮದರಾಸಿನ ಕಂಪನಿ ಕೋರಮಂಡಲ್‌ನಲ್ಲಿ ಗಣಿ ಕಾಲೋನಿಯ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಗೆಸ್ಟ್ ಹೌಸ್ ಮಾಡಿಕೊಂಡಿತ್ತು. ಪಂಪು ಕೂರಿಸಲು ಇಟಲಿಯಿಂದ ಬಂದ ಬ್ರೂನೋ ಎಂಬ ಇಂಜಿನಿಯರು ನಮ್ಮ ಕಾಫಿಯನ್ನು ಎರಡು ದಿನ ಕುಡಿದು, ಮೂರನೆಯ ದಿನ ಕೈಮುಗಿದು, ಊರಿಗೆ ಬರೆದು ತನ್ನದೇ ಮಿಷನ್ನು ತರಿಸಿಕೊಂಡ. ಜೊತೆಗೆ ಎರಡು ಪೆಟ್ಟಿಗೆ ತುಂಬ ಡಬ್ಬಿಗಳು. ಒಂದೊಂದು ಡಬ್ಬಿಯಲ್ಲಿ ಒಂದೇ ಲೋಟಕ್ಕಾಗುವಷ್ಟು ಪುಡಿ, ಬಾಯಿಗೆ ತೆಳ್ಳನೆಯ ತಗಡಿನ ಮುಚ್ಚಳ. ಹೋಗುವಾಗ ಮಿಷನ್ನನ್ನು ಗೆಸ್ಟ್ ಹೌಸಿಗೇ ಬಿಟ್ಟುಹೋದ.

ಬಿಡುವ ಮುಂಚೆ ಅದರ ಗುಟ್ಟನ್ನೆಲ್ಲ ವೆಂಕಟರತ್ನಮ್ಮನಿಗೆ ಕಲಿಸಿದ. ಅವನಿಗೆ ಕನ್ನಡ ಬಾರದು, ಅವಳಿಗೆ ಅವನ ಭಾಷೆ ಬಾರದು, ಆದರೂ ಕಲಿಕೆಗೆ ಏನೂ ತೊಂದರೆಯಾಗಲಿಲ್ಲ. ಹಿಂದಿನ ತೊಟ್ಟಿಗೆ ನೀರು ತುಂಬಬೇಕು. ಒಳಗಿರುವ ಬೆರಳುದ್ದದ ಪಂಪು ಆ ನೀರನ್ನು ಎಳೆದು, ಕಾದ ಕಬ್ಬಿಣದೊಳಗಿನ ಸಣ್ಣ ಕೊಳವೆಯಲ್ಲಿ ನೂಕುತ್ತದೆ. ಡಬ್ಬಿ ಇಟ್ಟು ಹಿಡಿ ಇಳಿಸಿದರೆ ಸೂಜಿಗಳು ಅದರ ಬೆನ್ನು ಚುಚ್ಚುತ್ತವೆ, ಬಿಸಿನೀರು ಒತ್ತಿಕೊಂಡು ಒಳನುಗ್ಗುತ್ತದೆ, ಮುಚ್ಚಳ ಹರಿದು ನೊರೆ ಕಾಫಿ ಲೋಟಕ್ಕಿಳಿಯುತ್ತದೆ. ತೊಟ್ಟಿಗೆ ನೀರಲ್ಲದೆ ಬೇರೇನೂ ಬೀಳಕೂಡದು ಎಂದು ಬ್ರೂನೋ ಬೆರಳಾಡಿಸಿ ಹತ್ತು ಸಲ ತೋರಿಸಿದ್ದ. ತಿಂಗಳಿಗೊಮ್ಮೆ ನಿಂಬೆರಸದ ನೀರು ಹಾಯಿಸಿ ಒಳಗಿನ ಸುಣ್ಣ ಬಿಡಿಸಬೇಕು ಎನ್ನುವುದನ್ನು ಅವನು ಹೇಳುವ ಮುಂಚೆಯೇ ಅವಳು ತಲೆಯಾಡಿಸಿದಳು. ಆ ಸೀಮೆಯ ಬೋರ್‌ವೆಲ್ ನೀರು ಬಚ್ಚಲ ಹಂಡೆಗೆ ಕಟ್ಟುವ ಬಿಳಿ ಪೊರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅವಳ ಉಗುರು ಸವೆದಿದ್ದವು. ನೀರನ್ನು ಕುದಿಸಿ, ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಹಾಕುವುದನ್ನು ಅವಳೇ ರೂಢಿಮಾಡಿದಳು. ಒಂಬತ್ತು ತಿಂಗಳು ಮಿಷನ್ನು ಒಂದು ದಿನವೂ ತಕರಾರು ತೆಗೆಯಲಿಲ್ಲ.

ಆಯುಧಪೂಜೆಗೆ ಅವಳು ಎರಡು ದಿನ ರಜಾ ಹಾಕಿ ಊರಿಗೆ ಹೋದಳು. ತಿರುಗಿ ಬಂದಾಗ ಮಿಷನ್ನು ಕೆಟ್ಟುಹೋಗಿತ್ತು. ಗುಂಡಿ ಒತ್ತಿದರೆ ನರಳುತ್ತದೆಯಂತೆ, ಕಾಫಿ ಮಾತ್ರ ಇಳಿಯುವುದಿಲ್ಲವಂತೆ. ಅಂತೆ ಎನ್ನಬೇಕು, ಏಕೆಂದರೆ ಜಯರಾಮಪ್ಪ ಅದರ ಮೇಲೆ ಟವೆಲು ಹೊದಿಸಿ ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದ. ಮಾರನೆಯ ದಿನ ಕೆಲಸದವರೆಲ್ಲರ ಮುಂದೆ ಅವಳ ಚೀಲ ಜಾಲಾಡಿಸಿದ. ಅದರ ಮಾರನೆಯ ದಿನವೇ ಈ ಕಾಗದ.

“ನಾಳೆ ಮದರಾಸಿನಿಂದ ದೊಡ್ಡ ಸಾಹೇಬರು ಬರ್ತಾರೆ” ಎಂದ ಜಯರಾಮಪ್ಪ. “ಮಿಷನ್ ಎಲ್ಲಿ ಅಂತ ಕೇಳೇ ಕೇಳ್ತಾರೆ. ರುಜು ಹಾಕಿದ್ರೆ ಮರ್ಯಾದೆಯಾಗಿ ಹೋಗ್ತೀಯ. ಇಲ್ಲದಿದ್ರೆ ಅವರೇ ಕತ್ತು ಹಿಡಿದು ಕಳಿಸ್ತಾರೆ.”

ವೆಂಕಟರತ್ನಮ್ಮನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ವಯಸ್ಕರ ಶಿಕ್ಷಣದ ಮೇಷ್ಟ್ರು ಮೂರು ತಿಂಗಳು ಕೂರಿಸಿಕೊಂಡು ಕಲಿಸಿದ್ದರು. ಮೊದಲ ಸಲ ಸೊಸೈಟಿಯ ಹಾಲಿನ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಹೆಸರು ಬರೆದ ದಿನ ಅವಳು ಮನೆಗೆ ಬಂದು ಯಾರಿಗೂ ಕಾಣದ ಹಾಗೆ ಅತ್ತಿದ್ದಳು. ಗೊತ್ತಿರುವ ಅದೊಂದನ್ನು ಸುಳ್ಳಿನ ಕೆಳಗೆ ಬರೆಯಬೇಕೇ? ಕೆಲಸ ಹೋಗುವುದು ಒಂದು ಸಂಕಟ. ಕೆಡಿಸಿದವಳು ಎನಿಸಿಕೊಂಡು ಹೋಗುವುದು ಬೇರೆಯೇ ಸಂಕಟ, ಅದನ್ನು ಹೊತ್ತುಕೊಂಡು ಅವಳು ಕ್ಯಾಸಂಬಳ್ಳಿಯ ಬಸ್ಸು ಹತ್ತಲಾರಳು.

“ಕತ್ತು ಇಡ್ದೇ ಕಳಿಸ್ಲಿ ಸಾರ್” ಎಂದಳು. “ರುಜು ಆಕಲ್ಲ.”

ಮರುದಿನ ಬೆಳಿಗ್ಗೆ ಎಂಟಕ್ಕೆ ಜಯರಾಮಪ್ಪ ಜೀಪು ಹತ್ತಿ ಬಂಗಾರಪೇಟೆಗೆ ಹೊರಟ. ಸಾಹೇಬರ ರೈಲು ಒಂಬತ್ತೂವರೆಗೆ. ಅವರನ್ನು ಇಳಿಸಿಕೊಂಡು ಬರಲು ಹತ್ತೂವರೆಯಾದರೂ ಆಗಬೇಕು. ಜೀಪು ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ವೆಂಕಟರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಟವೆಲು ಎಳೆದಳು.

ವಾಚ್‌ಮನ್ ಚಿಕ್ಕಮುನಿಯಪ್ಪ ಬಾಗಿಲಲ್ಲಿ ನಿಂತು ಚಡಪಡಿಸಿದ. “ಮುಟ್ಬೇಡ ಕಣಮ್ಮೋ. ಸಾರ್ ಏಳವ್ರೆ, ಮುಟ್ಟಿದ್ರೆ ಕೆಲ್ಸ ಓಯ್ತದೆ.”

“ಎಂಗೂ ಓಗೈತೆ. ಓಗಿರೋ ಕೆಲ್ಸನ ಇನ್ನೊಂದ್ಸಲ ಕಿತ್ಕೊಳಾಕೆ ಅವ್ರಪ್ಪನ ಕೈಲೂ ಆಗಲ್ಲ.”

ಮಿಷನ್ನಿನ ಹಣೆಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಹಿಡಿಗೆ ಒಣಗಿದ ಚೆಂಡುಹೂವು. ಅದರಲ್ಲಿ ವಿಶೇಷವೇನಿಲ್ಲ. ಜಯರಾಮಪ್ಪ ಭಯಭಕ್ತಿಯ ಮನುಷ್ಯ, ಜೀಪಿನಿಂದ ಹಿಡಿದು ಟೈಪ್‌ರೈಟರಿನ ತನಕ ಯಾವುದನ್ನೂ ಪೂಜೆಯಿಲ್ಲದೆ ಬಿಟ್ಟವನಲ್ಲ. ಅವಳು ಡಬ್ಬಿ ಕೂರಿಸುವ ಬಾಯಿ ತೆರೆದು ಮೂಗು ಹತ್ತಿರ ಒಯ್ದಳು. ಕಾಫಿಯ ವಾಸನೆ ಇರಬೇಕಾದಲ್ಲಿ ಇನ್ನೇನೋ ಇತ್ತು. ಮತ್ತೊಮ್ಮೆ ಮೂಸಿದಳು. ಎಂಟನೇ ವಯಸ್ಸಿನಿಂದ ಹಾಲು ಕರೆದು, ಕಾಸಿ, ಪಾತ್ರೆ ತಿಕ್ಕಿದವಳ ಮೂಗು ಅದು.

“ಚಿಕ್ಕಮುನಿಯಪ್ಪ, ಪೂಜೆ ದಿನ ಇಲ್ಲಿಗೆ ಆಲು ತಂದಿದ್ದು ಯಾರು?”

ಅವನು ಅಂಗಳದ ಕಡೆ ನೋಡತೊಡಗಿದ.

“ನನ್ನ ಎಸ್ರು ಎತ್ಬೇಡ” ಎಂದ ಕೊನೆಗೆ. “ಒಲೆ ಒಸ್ತು ಅಂದ್ರೆ ಆಲುಕ್ಸಲ್ವಾ? ಈ ಮಿಷನ್ಗೆ ಇನ್ನೂ ಉಕ್ಸಿಲ್ಲ, ಅಪಶಕುನ ಅಂತ ಸಾರೇ ಅಂದ್ರು. ಅರ್ಧ ಲೀಟರ್ ತರ್ಸಿ ಇಂದಿನ ತೊಟ್ಟಿಗೆ ಉಯ್ದು ಗುಂಡಿ ಒತ್ತುದ್ರು. ಎಲ್ಡು ಸಲ ಬಂತು. ಆಮೇಕೆ ಒಗೆ ಬಂತು, ನಿಂತೋಯ್ತು.”

ವೆಂಕಟರತ್ನಮ್ಮನಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಹೊಸ ಒಲೆಗೆ ಹಾಲುಕ್ಕಿಸುವುದು ಅವಳ ಮನೆಯಲ್ಲೂ ಉಂಟು. ಭಕ್ತಿಯಿಂದ ಮಾಡಿದ್ದಕ್ಕೆ ಅವಳು ಯಾರನ್ನೂ ಬೈಯುವವಳಲ್ಲ. ಮಾಡಿ ಕೆಡಿಸಿದೆ ಅಂದಿದ್ದರೆ ಅವಳೇ ತೊಳೆದು ಕೊಡುತ್ತಿದ್ದಳು. ತನ್ನ ಪೂಜೆಯ ಪಾಪವನ್ನು ಬಡವಳ ತಲೆಗೆ ಕಟ್ಟಿ, ಅದಕ್ಕೆ ಅವಳ ಕೈಯಲ್ಲೇ ರುಜು ಹಾಕಿಸುತ್ತಾನಲ್ಲ, ಅದು ಅವಳಿಗೆ ತಡೆಯದಾಯಿತು.

ಸಿಟ್ಟು ಮಾಡಿಕೊಂಡು ಕೂರಲು ಸಮಯವಿರಲಿಲ್ಲ. ತಳ ಹಿಡಿದ ಹಾಲಿಗೆ ಮೊದಲೇ ಹುಳಿ ಹಾಕಿದರೆ ಅದು ಒಡೆದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಹಾಲಿನ ಜಿಡ್ಡು ಹೋದ ಮೇಲೆಯೇ ಹುಳಿ. ಇದನ್ನು ಅವಳಿಗೆ ಯಾವ ಬ್ರೂನೋನೂ ಹೇಳಿಕೊಟ್ಟಿರಲಿಲ್ಲ. ಅವಳು ಅಂಟುವಾಳಕಾಯಿ ಜಜ್ಜಿ ಬಿಸಿನೀರಲ್ಲಿ ಕಿವುಚಿ, ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ, ಪಂಚೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಪ್ಲಗ್ಗು ಕಿತ್ತು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಸೂಜಿಗಳ ತೂತುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಆ ನೀರನ್ನು ತೊಟ್ಟಿಗೆ ಹೊಯ್ದು, ಪ್ಲಗ್ಗು ಹಾಕಿ, ಡಬ್ಬಿಯಿಲ್ಲದೆಯೇ ಗುಂಡಿ ಒತ್ತಿದಳು.

ಮಿಷನ್ನು ಹೆರಿಗೆ ನೋವಿನ ಹಸುವಿನಂತೆ ನರಳಿತು. ಏನೂ ಬರಲಿಲ್ಲ. ನಿಲ್ಲಿಸಿದಳು, ಹತ್ತು ನಿಮಿಷ ಬಿಟ್ಟಳು, ಮತ್ತೆ ಒತ್ತಿದಳು. ಒಂದು ಹನಿ. ಮತ್ತೆ ಬಿಟ್ಟಳು. ಗಡಿಯಾರ ಒಂಬತ್ತು ದಾಟಿತು. ರೈಲು ಕುಪ್ಪಂ ಬಿಟ್ಟಿರಬೇಕು ಎಂದು ಚಿಕ್ಕಮುನಿಯಪ್ಪ ಬಾಗಿಲಿಂದಲೇ ವರದಿ ಕೊಟ್ಟ. ಬಾಯಿ ಮುಚ್ಚಿಕೊಂಡು ಇನ್ನೊಂದು ಚೊಂಬು ಬಿಸಿನೀರು ತರಲು ಅವನಿಗೆ ಹೇಳಿದಳು.

ಐದನೆಯ ಸಲಕ್ಕೆ ಏನೋ ಕಳಚಿಕೊಂಡಿತು. ಕಂದು ಬಣ್ಣದ ಸಿಪ್ಪೆ ಸಿಪ್ಪೆಯಾದ ಗಸಿ, ಸೀದ ವಾಸನೆಯೊಂದಿಗೆ, ಕೆಳಗಿಟ್ಟ ಸ್ಟೀಲ್ ಚೊಂಬಿಗೆ ಬುಳಬುಳನೆ ಬಿತ್ತು. ಅವಳು ಆ ಚೊಂಬನ್ನು ಚೆಲ್ಲಲಿಲ್ಲ. ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಎರಡು ತೊಟ್ಟಿ ಬರೀ ನೀರು, ಅದಾದ ಮೇಲೆ ಆರು ನಿಂಬೆಹಣ್ಣಿನ ಸೋಸಿದ ರಸ, ಕಾಲು ಗಂಟೆ ನೆನೆಯಲು ಬಿಟ್ಟು ಮತ್ತೆ ಮೂರು ತೊಟ್ಟಿ ನೀರು. ಕೊನೆಯ ತೊಟ್ಟಿ ಹಾಯುವಾಗ ನೀರಿನ ದಾರ ಎಲ್ಲೂ ತುಂಡಾಗದೆ ನೇರವಾಗಿ ಇಳಿಯಿತು. ವಿಭೂತಿ ಕುಂಕುಮವನ್ನು ಮಾತ್ರ ಅವಳು ಒರೆಸಲಿಲ್ಲ. ದೇವರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

ಜೀಪು ಬಂದಾಗ ಹತ್ತೂಮುಕ್ಕಾಲು. ಮದರಾಸಿನ ಸಾಹೇಬರು ದಪ್ಪನೆಯ ಮನುಷ್ಯ, ರೈಲಿನ ಕಾಫಿ ಕುಡಿದು ಮುಖ ಕಿವುಚಿಕೊಂಡೇ ಇಳಿದಿದ್ದರು. ನೇರ ಊಟದ ಕೋಣೆಗೆ ಬಂದು ಮಿಷನ್ನನ್ನು ಕಂಡು ಮುಖ ಅರಳಿಸಿದರು.

“ಅದು ಸಾರ್, ಕೆಟ್ಟಿದೆ” ಎಂದು ಜಯರಾಮಪ್ಪ ಅಡ್ಡ ಬಂದ. ಟವೆಲು ಇಲ್ಲದಿರುವುದು ಅವನಿಗೆ ಕಂಡದ್ದು ಆಗಲೇ. “ಈಕೆ ಲೋಕಲ್ ಪುಡಿ ತುಂಬಿ...”

“ಕೆಟ್ಟಿಲ್ಲ ಸಾರ್” ಎಂದಳು ವೆಂಕಟರತ್ನಮ್ಮ.

ತೊಟ್ಟಿಗೆ ತಿಳಿನೀರು ತುಂಬಿದಳು, ಡಬ್ಬಿ ಇಟ್ಟಳು, ಹಿಡಿ ಇಳಿಸಿದಳು, ಕೆಳಗೆ ಲೋಟ ಇಟ್ಟಳು. ಗುಂಡಿಯನ್ನು ಮಾತ್ರ ಒತ್ತಲಿಲ್ಲ. ಮುಚ್ಚಿಟ್ಟಿದ್ದ ಚೊಂಬನ್ನು ತಂದು ಸಾಹೇಬರ ಮುಂದಿಟ್ಟು ತಟ್ಟೆ ತೆಗೆದಳು.

“ಇದು ಮಿಷನ್ ಒಟ್ಟೆಯಿಂದ ಬಂದಿದ್ದು. ಮೂಸಿ ನೋಡಿ. ಕಾಫಿಪುಡಿನಾ ಇದು?”

ಸಾಹೇಬರು ಬಗ್ಗಿ ಮೂಸಿ ಹಿಂದಕ್ಕೆ ಸರಿದರು. “ಪಾಲು” ಎಂದರು ತಮಿಳಿನಲ್ಲಿ. “ತೀಂಜು ಪೋನ ಪಾಲು, ಸೀದ ಹಾಲು. ಹಾಲು ಯಾರು ಹಾಕಿದ್ದು ಇದಕ್ಕೆ?”

“ನಾನು ಏಳಲ್ಲ. ಆಕಿದೋರು ಏಳ್ಳಿ.”

ಸದ್ದಿಗೆ ಕೆಲಸದವರೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಚಿಕ್ಕಮುನಿಯಪ್ಪ ಬಾಗಿಲ ಚೌಕಟ್ಟಿನೊಳಗೇ ಸೇರಿಹೋಗುವವನ ಹಾಗೆ ನಿಂತಿದ್ದ. ಜಯರಾಮಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದ.

ಸಾಹೇಬರಿಗೆ ತಲೆನೋವು. “ಸರಿಯಮ್ಮ, ಸರಿಹೋಯ್ತಲ್ಲ. ಮೊದಲು ಕಾಫಿ ಕೊಡು, ಪಂಚಾಯ್ತಿ ಆಮೇಲೆ ನೋಡೋಣ” ಎಂದರು.

“ಪಂಚಾಯ್ತಿ ಆದ್ಮೇಲೆ ಕಾಫಿ ಸಾರ್.”

ಇಂಥ ಮಾತನ್ನು ಆ ಸಾಹೇಬರಿಗೆ ಅದುವರೆಗೆ ಯಾರೂ ಹೇಳಿದ್ದಿಲ್ಲ, ಅದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಅವಳು ಮಿಷನ್ನಿನ ಪಕ್ಕ ನಿಂತೇ ಇದ್ದಳು. ಸುಮ್ಮನೆ ಗುಂಡಿ ಒತ್ತಿಬಿಟ್ಟರೆ ಕೆಲಸ ಉಳಿಯುತ್ತದೆ ಎಂದು ಅವಳಿಗೂ ಗೊತ್ತಿತ್ತು. ಕಾಫಿ ಕುಡಿದು, ಹೋಗಲಿ ಬಿಡು ಎನ್ನುತ್ತಾರೆ. ಆಮೇಲೆ ಕೋರಮಂಡಲ್‌ನಿಂದ ಕ್ಯಾಸಂಬಳ್ಳಿಯ ತನಕ, ಮಿಷನ್ ಕೆಡಿಸಿದವಳು, ಪಾಪ, ಕ್ಷಮಿಸಿ ಬಿಟ್ಟರಂತೆ ಎಂದು ಉಳಿಯುತ್ತದೆ. ಕ್ಷಮೆ ಅವಳಿಗೆ ಬೇಕಿರಲಿಲ್ಲ.

“ಜಯರಾಮಪ್ಪ?” ಎಂದರು ಸಾಹೇಬರು.

“ಪೂಜೆ ದಿನ ಸಾರ್... ಹೊಸ ಮಿಷನ್ ಅಲ್ವಾ... ಒಂಚೂರು ಹಾಲು ಉಕ್ಕಿಸೋಣ ಅಂತ...” ಅವನ ಉಳಿದ ಮಾತು ಅಂಗಿಯೊಳಕ್ಕೇ ಹೋಯಿತು.

“ಹಾಗಾದ್ರೆ ಈಕೆ ತಪ್ಪಿಲ್ಲ.”

“ಇಲ್ಲ ಸಾರ್. ಈಕೆ ತಪ್ಪಿಲ್ಲ.”

ಸಾಹೇಬರು ಈಗಲಾದರೂ ಕಾಫಿ ಬಂತೆಂದು ಕುರ್ಚಿ ಎಳೆದುಕೊಂಡರು. ಅವಳ ಬೆರಳು ಅಲ್ಲಾಡಲಿಲ್ಲ.

“ನಂದಲ್ಲ ಅಂದ್ರೆ ಸಾಲ್ದು ಸಾರ್” ಎಂದಳು, ಸಾಹೇಬರಿಗಲ್ಲ, ಜಯರಾಮಪ್ಪನಿಗೆ. “ಇವ್ರೆಲ್ಲರ ಮುಂದೆ ನನ್ನ ಚೀಲ ಸುರಿಸಿದ್ರಲ್ಲ. ಇವ್ರೆಲ್ಲರ ಮುಂದೇನೇ ಯಾರ್ದು ಅಂತ ಏಳಿ.”

ಅವನು ತಲೆ ಎತ್ತಿದ. ಕನ್ನಡಕವಿಲ್ಲದ ಅವನ ಕಣ್ಣುಗಳು ಚಿಕ್ಕವಾಗಿ, ಬಳಲಿದಂತೆ ಕಾಣುತ್ತಿದ್ದವು. ಅವಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಆದರೂ ಬಿಟ್ಟುಕೊಡಲಿಲ್ಲ.

“ನಂದು” ಎಂದ ಜಯರಾಮಪ್ಪ. “ತಪ್ಪು ನಂದು, ವೆಂಕಟರತ್ನಮ್ಮ.”

ಅವಳು ಗುಂಡಿ ಒತ್ತಿದಳು. ಪಂಪು ಗರ್ರೆಂದು ಎಳೆಯಿತು, ಕಪ್ಪನೆಯ ಕಾಫಿ ನೊರೆಯೊಡನೆ ಲೋಟಕ್ಕೆ ಇಳಿಯಿತು. ಕೊನೆಯ ಹನಿ ಬೀಳುವ ತನಕ ನಿಂತು, ಅವಳು ಲೋಟ ಎತ್ತಿ ಸಾಹೇಬರ ಮುಂದಿಟ್ಟಳು.