ಪಕ್ಕದ ಸೀಟಿನಲ್ಲಿ ಬ್ರೇಕ್ ಇಲ್ಲ

ಬಿಸಿಲಿಗೆ ಕಾದ ಹಳೆಯ ಚರ್ಮದ ವಾಸನೆ, ಅದರ ಹಿಂದೆ ಸ್ವಲ್ಪ ಪೆಟ್ರೋಲು, ಇನ್ನೂ ಹಿಂದೆ ಯಾರೋ ಹೆಂಗಸಿನ ಪೌಡರು, ಈ ಕಾರು ಮಾರುತ್ತಿರುವ ಜಡ್ಜ್ ಸಾಹೇಬರ ಹೆಂಡತಿಯದೇ ಇರಬೇಕು, ಈ ಸೀಟಿನಲ್ಲಿ ಎಷ್ಟು ವರ್ಷ ಕೂತಿದ್ದರೋ ಏನೋ, ಸೀಟು ಅವರ ಅಳತೆಗೇ ತಗ್ಗಿಹೋಗಿದೆ, ನಾನು ಅದರೊಳಗೆ ಹೂತುಹೋದವಳ ಹಾಗೆ ಕೂತಿದ್ದೇನೆ, ರಸ್ತೆ ಮೂಗಿನ ಮಟ್ಟಕ್ಕೆ ಬಂದುಬಿಟ್ಟಿದೆ, ಮುಂದಿನ ಲಾರಿಯ ಚಕ್ರ ನನ್ನ ತಲೆಗಿಂತ ಎತ್ತರ — ಹೇಗಿದೆಯೇ, ಅನ್ನುತ್ತಾರೆ ಇವರು, ಹ್ಞೂಂ ಅನ್ನುತ್ತೇನೆ, ಹ್ಞೂಂ ಅಂದ್ರೆ ಏನರ್ಥ, ಚೆನ್ನಾಗಿದೆ ಅಂತಲಾ, ಚೆನ್ನಾಗಿದೆ ರೀ, ನೀವು ರಸ್ತೆ ನೋಡಿ. ರಸ್ತೆ ನೋಡಿ ಅನ್ನುವುದು ನನ್ನ ಹೊಟ್ಟೆಪಾಡಿನ ಮಾತು, ಡ್ರೈವಿಂಗ್ ಸ್ಕೂಲಿನ ಟೀಚರಿಗೆ ಬೇರೆ ಮಾತೇ ಇಲ್ಲ, ರಸ್ತೆ ನೋಡಿ, ಕನ್ನಡಿ ನೋಡಿ, ನನ್ನ ಮುಖ ನೋಡಬೇಡಿ, ಆದರೆ ಇವತ್ತು ಇವರು ರಸ್ತೆ ನೋಡುತ್ತಿದ್ದಾರೆ, ರಸ್ತೆಯನ್ನು ಮಾತ್ರ ನೋಡುತ್ತಿದ್ದಾರೆ, ಅದೇ ನನ್ನ ಭಯ. ಮೂರನೇ ಗೇರು ಒಂದು ಸಲಕ್ಕೆ ಬೀಳುವುದಿಲ್ಲ, ಪುಸಲಾಯಿಸಬೇಕು, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕೆಳಗೆಲ್ಲೋ ಕಟಕಟ, ಬಾಗಿಲಿನ ಅಡಿಯಲ್ಲಿ ಕೆಂಪು ಬಣ್ಣ ಗುಳ್ಳೆ ಗುಳ್ಳೆಯಾಗಿ ಉಬ್ಬಿದೆ, ಬೆರಳಿಂದ ಒತ್ತಿದರೆ ತುಕ್ಕಿನ ಪುಡಿ ಉದುರುತ್ತದೆ, ನಮ್ಮ ಸ್ಕೂಲಿನ ಮೆಕ್ಯಾನಿಕ್ ನಿನ್ನೆ ಬಂದು ಕಾರಿನಡಿ ಮಲಗಿ ನೋಡಿ, ಎದ್ದು ಪ್ಯಾಂಟು ಕೊಡವಿಕೊಂಡು ಹೇಳಿದ, ಅಕ್ಕಾ, ಎಂಜಿನ್ ಗಟ್ಟಿ ಇದೆ, ಮಿಕ್ಕಿದ್ದಕ್ಕೆ ದೇವರೇ ಗತಿ, ಇದರ ಪಾರ್ಟ್ಸ್ ಮಾಡೋದು ನಿಲ್ಸಿ ಯಾವ ಕಾಲ ಆಯ್ತೋ, ನೀವು ತಗೊಂಡ್ರೆ ನನಗೇನೂ ಬೇಜಾರಿಲ್ಲ, ನನ್ನ ಗ್ಯಾರೇಜಿನ ಮೇಲೆ ಒಂದು ಮಹಡಿ ಎದ್ದೇಳುತ್ತೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಸೋಫಾ ಹೊಲಿಯುವ ಮನುಷ್ಯ ಇವರು, ಕಾರು ನೋಡಲು ಬಂದವರು ಬಾನೆಟ್ ಎತ್ತುವ ಮೊದಲೇ ಸೀಟಿನ ಹೊಲಿಗೆ ಸವರಿದರು, ನೋಡೇ, ಇದು ಕೈ ಹೊಲಿಗೆ, ನಾನು ಕೆಲಸ ಕಲಿಯೋವಾಗ ಇಂಥದೇ ಕಾರಿಗೆ ಸೀಟು ಹೊಲ್ದಿದ್ದೆ, ಮುಗಿಸಿದ ಮೇಲೆ ಒಂದ್ಸಲ ಕೂತು ನೋಡ್ತೀನಿ ಅಂದ್ರೆ ಆ ಕಾರಿನವನು ಪೇಪರ್ ಹಾಸ್ಕೊಂಡು ಕೂತ್ಕೋ ಅಂದ — ಈ ಕಥೆ ಮದುವೆಯಾದ ಹೊಸದರಲ್ಲಿ ಕೇಳಿದ್ದೇನೆ, ಮಗಳು ಹುಟ್ಟಿದ ಮೇಲೆ ಕೇಳಿದ್ದೇನೆ, ಮಗಳ ಮದುವೆಯಲ್ಲಿ ಬೀಗರನ್ನೂ ಬಿಡದೆ ಹೇಳಿದರು, ಪೇಪರ್ ಅನ್ನುವ ಜಾಗಕ್ಕೆ ಬಂದಾಗ ಪ್ರತಿ ಸಲ ನಗುತ್ತಾರೆ, ಆ ನಗು ನನಗೆ ಯಾವತ್ತೂ ಸೇರಲಿಲ್ಲ, ಅಷ್ಟು ಹಳೆಯ ಅವಮಾನಕ್ಕೆ ಯಾರೂ ಅಷ್ಟು ಚೆನ್ನಾಗಿ ನಗಬಾರದು. ಕೂಪೆ ಅಂತ ಕರೆಯಬೇಕಂತೆ ಇದನ್ನು, ಎರಡೇ ಬಾಗಿಲು, ಹಿಂದಿನ ಸೀಟು ಬರೀ ಹೆಸರಿಗೆ, ಅಲ್ಲಿ ಕೂರಬೇಕಾದರೆ ಕಾಲು ಕಳಚಿ ಮನೆಯಲ್ಲಿಟ್ಟು ಬರಬೇಕು, ಜಡ್ಜ್ ಸಾಹೇಬರು ಮಾರುತ್ತಿರುವುದೂ ಮಂಡಿನೋವಿಗೇ, ಕೂರೋದು ಸುಲಭ ತಾಯಿ, ಏಳೋಕೆ ಇಬ್ಬರು ಬೇಕು ಅಂದರು. ಇಬ್ಬರು ಬೇಕು, ಇನ್ನು ಸ್ವಲ್ಪ ಕಾಲಕ್ಕೆ ಇವರಿಗೂ — ಬೇಡ, ಅದು ಈಗ ಬೇಡ, ಆದರೆ ಬೇಡ ಅಂದರೆ ಕೇಳುತ್ತದೆಯೇ, ಕಣ್ಣಾಸ್ಪತ್ರೆಯ ಆ ಕತ್ತಲೆ ಕೋಣೆ ಬಂದೇ ಬಿಟ್ಟಿತು, ಇವರು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂತಿದ್ದಾರೆ, ಕೈಯಲ್ಲೊಂದು ಗುಂಡಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಬೇಕು, ಹಿಂದೆ ಸ್ಟೂಲಿನಲ್ಲಿ ಕೂತ ನನಗೆ ಯಂತ್ರದ ಟಿಕ್ ಕೇಳುತ್ತದೆ, ಇವರ ಗುಂಡಿಯ ಸದ್ದಿಗೆ ಕಾಯುತ್ತೇನೆ, ಟಿಕ್, ಸದ್ದಿಲ್ಲ, ಟಿಕ್, ಸದ್ದಿಲ್ಲ, ಒತ್ರೀ, ದಮ್ಮಯ್ಯ ಅಂತೀನಿ ಒತ್ರೀ ಎಂದು ಒಳಗೊಳಗೇ ಕೂಗುತ್ತೇನೆ, ಟಿಕ್, ಇವರು ಗುಡಿಯಲ್ಲಿ ಕೂತವರ ಹಾಗೆ ಶಾಂತವಾಗಿ ಕೂತಿದ್ದಾರೆ. ದೃಷ್ಟಿ ಅಂಚಿನಿಂದ ಹೋಗ್ತಾ ಬರುತ್ತೆ ಅಂದರು ಡಾಕ್ಟರು, ನಡುವೆ ಕೊನೇವರೆಗೂ ಚೆನ್ನಾಗಿ ಕಾಣುತ್ತೆ, ಅದಕ್ಕೇ ಪೇಷಂಟಿಗೆ ಎಷ್ಟು ಹೋಗಿದೆ ಅಂತ ಗೊತ್ತೇ ಆಗಲ್ಲ, ಔಷಧಿ ಅಂತ ಏನೂ ಇಲ್ಲ, ಸದ್ಯಕ್ಕೆ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಹಗಲಿನ ಮಾತು ಮುಂದಿನ ಸಲ ಬಂದಾಗ ಆಡೋಣ. ಮೆಟ್ಟಿಲಿಳಿಯುತ್ತ ಇವರು, ಬೋರ್ಡಿನ ಕೊನೇ ಸಾಲೂ ಓದಿದೆ ಕೇಳಿಸ್ಕೊಂಡೆಯಾ, ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸ್ತೀನಿ, ನನಗೆ ಕಣ್ಣು ಹೋಗುತ್ತಂತೆ, ಅನ್ನುತ್ತಲೇ ಪಕ್ಕದ ಕಂಬಕ್ಕೆ ಭುಜ ಹೊಡೆದುಕೊಂಡರು, ಕಂಬಕ್ಕೇ ಬೈದರು. ಮನೆಯಲ್ಲಿ ತೆರೆದ ಕಪಾಟಿನ ಬಾಗಿಲು ಹಣೆಗೆ, ಮೊಣಕೈ ತಗುಲಿ ಉರುಳುವ ನೀರಿನ ಲೋಟ, ಬಾಲ ತುಳಿಸಿಕೊಂಡು ಕಿರುಚುವ ಬೆಕ್ಕು, ಪಾಪ, ಅದು ಈಗ ಇವರ ಹೆಜ್ಜೆ ಸದ್ದು ಕೇಳಿದರೆ ಎದ್ದು ಮೇಜು ಹತ್ತಿಬಿಡುತ್ತದೆ, ಬೆಕ್ಕಿಗೆ ಗೊತ್ತಾಗಿರುವುದು ಇವರಿಗೆ ಗೊತ್ತಾಗಿಲ್ಲ.

ಗೊತ್ತಿಲ್ಲ ಅಂತ ಹೇಗೆ ಹೇಳಲಿ, ಆಸ್ಪತ್ರೆಯಿಂದ ಬಂದ ವಾರದಲ್ಲೇ ಈ ಕಾರಿನ ಸುದ್ದಿ ತಂದರಲ್ಲ, ಹಗಲು ಅನ್ನೋದು ಇರೋವರೆಗೂ ಓಡಿಸ್ತೀನಿ ಕಣೇ, ಆಮೇಲೆ ನೀನು ಓಡಿಸು, ನಾನು ಪಕ್ಕದಲ್ಲಿ ಕೂತ್ಕೋತೀನಿ, ಪೇಪರ್ ಹಾಸದೆ, ಅಂತ ಮತ್ತೆ ನಕ್ಕರು, ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗಳು ಫೋನಿನಲ್ಲಿ, ಅಮ್ಮಾ, ಅಪ್ಪ ಇಷ್ಟು ವರ್ಷದಲ್ಲಿ ತನಗೆ ಅಂತ ಏನು ಕೇಳಿದ್ದಾರೆ ಹೇಳು, ಹೂಂ ಅಂದ್ಬಿಡು ಅತ್ಲಾಗೆ. ಹೂಂ ಅನ್ನಬಹುದು, ಹೂಂ ಅನ್ನುವುದಕ್ಕೆಂದೇ ಬಂದಿದ್ದೇನೆ, ತುಕ್ಕು ಹಿಡಿದರೆ ಹಿಡಿಯಲಿ, ಪಾರ್ಟ್ಸ್ ಸಿಗದಿದ್ದರೆ ಬೇಡ, ಅಂಗಳದಲ್ಲಿ ನಿಲ್ಲಿಸಿ ಒರೆಸುತ್ತ ಕೂರಲಿ, ಕೊನೆಯ ಮಾತು ನಿನ್ನದೇ ಅಂದಿದ್ದಾರೆ ಬೇರೆ, ಗಾಡಿ ವಿಷಯಕ್ಕೆ ನಮ್ಮನೇಲಿ ನೀನೇ ಹೈಕೋರ್ಟು. ಬಸ್ಸೊಂದು ಅಡ್ಡ ಬರುತ್ತದೆ, ನನ್ನ ಬಲಗಾಲು ಮುಂದೆ ಹೋಗಿ ಮ್ಯಾಟನ್ನು ದಪ್ ಅಂತ ಒತ್ತುತ್ತದೆ, ಆ ಸದ್ದಿಗೇ ಇವರು ಓರೆ ನಗು ನಕ್ಕು, ಅಲ್ಲಿ ಬ್ರೇಕ್ ಇಲ್ಲ ಟೀಚರಮ್ಮಾ. ಸ್ಕೂಲಿನ ಕಾರಿನಲ್ಲಿ ಇದೆ, ಪಕ್ಕದ ಸೀಟಿಗೂ ಒಂದು ಬ್ರೇಕು, ಅರ್ಧ ಆಯುಷ್ಯ ಅದರ ಮೇಲೆ ಕಾಲಿಟ್ಟುಕೊಂಡೇ ಕೂತವಳು ನಾನು, ಹೊಸದಾಗಿ ಸೇರುವ ಟೀಚರುಗಳಿಗೂ ಅದನ್ನೇ ಹೇಳಿಕೊಡುತ್ತೇನೆ, ಕಲಿಯೋರ ಮೇಲೆ ಕೂಗಬೇಡಿ, ಕೂಗಿದರೆ ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿಬಿಡ್ತಾರೆ, ಬಾಯಿ ಮುಚ್ಕೊಂಡು ನಿಮ್ಮ ಬ್ರೇಕ್ ಒತ್ತಿ, ಆಮೇಲೆ ಸಮಾಧಾನವಾಗಿ ಬುದ್ಧಿ ಹೇಳಿ. ಇವರು ಮೂರನೇ ಗೇರನ್ನು ಪುಸಲಾಯಿಸಿ ಹಾಕುತ್ತಾರೆ, ಕಾರು ಒಮ್ಮೆ ಗುಟುರು ಹಾಕಿ ಹಗುರಾಗುತ್ತದೆ, ಇವರ ಮುಖ — ಅಯ್ಯೋ ಆ ಮುಖ, ನನಗಿಂತ ಚಿಕ್ಕವರಾಗಿ ಕಾಣುತ್ತಿದ್ದಾರೆ, ನಾನೂ ಒಂದು ಕ್ಷಣ ಮೈಮರೆತೆ, ಅಂಗಡಿ ಸಾಲು, ತಿರುವು, ರಸ್ತೆ ದಾಟುವ ಬಿಳಿ ಪಟ್ಟೆಗಳು, ನನ್ನ ಕಡೆಯ ಫುಟ್‌ಪಾತಿನಿಂದ ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸು ಇಳಿಯುತ್ತಾಳೆ, ನಮ್ಮನ್ನು ನೋಡಿಯೇ ಇಳಿಯುತ್ತಾಳೆ, ನಿಲ್ಲಿಸುತ್ತಾರೆ ಅಂತ ನಂಬಿ ಇಳಿಯುತ್ತಾಳೆ, ಇವರು ನೇರ ನೋಡುತ್ತಿದ್ದಾರೆ, ನೇರ, ಕಾರು ನಿಧಾನವಾಗುತ್ತಿಲ್ಲ, ನನ್ನ ಕಾಲು ಒತ್ತಿತು, ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿತು, ಬಾಯಿ ತೆರೆಯಲಿಲ್ಲ, ಒಂದು ಕೂಗು ಹಾಕಲಿಲ್ಲ ನಾನು, ರೀ ಅಂತ ಕೂಡ ಅನ್ನಲಿಲ್ಲ, ಬರೀ ಮ್ಯಾಟು ಒತ್ತಿದೆ, ಬಾಯಿ ಮುಚ್ಕೊಂಡು ಮ್ಯಾಟು ಒತ್ತಿದೆ — ಪಟ್ ಅಂತ ನನ್ನ ಭುಜದ ಹಿಂದಿನ ಗಾಜಿಗೆ ಒಂದು ಅಂಗೈ. ಏನದು ಸದ್ದು, ಅಂದರು ಇವರು, ಹಿಂದೆ ಏನೋ ಸಡಿಲ ಇದೆ, ಮೆಕ್ಯಾನಿಕ್‌ಗೆ ಹೇಳ್ಬೇಕು.

ಕನ್ನಡಿಯಲ್ಲಿ ಅವಳು ನಿಂತಿದ್ದಳು, ನಿಂತೇ ಇದ್ದಳು, ಚೀಲ ಕೆಳಗೆ ಬಿದ್ದಿತ್ತು, ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು, ನಿಂತಿದ್ದಾಳಲ್ಲ, ಏನೂ ಆಗಿಲ್ಲವಲ್ಲ, ದೇವರೇ ಏನೂ ಆಗಿಲ್ಲ, ತಿರುವಿನಲ್ಲಿ ಕನ್ನಡಿಯಿಂದ ಜಾರಿಹೋದಳು, ಅಂಗೈ ಮಾತ್ರ ಜಾರಲಿಲ್ಲ, ಅಗಲವಾಗಿ ಬಿಚ್ಚಿದ ಬೆವರಿನ ಅಂಗೈ, ಕಾರನ್ನು ದೂಡಿ ನಿಲ್ಲಿಸುತ್ತೇನೆ ಅನ್ನುವ ಹಾಗೆ. ಇವರು ಸಿಳ್ಳೆ ಹಾಕುತ್ತಿದ್ದಾರೆ. ನಿಲ್ಲಿಸ್ರೀ, ಅಂತ ಈಗಾದರೂ ಅನ್ನಬೇಕು, ನಿಲ್ಲಿಸಿ, ಇಳೀರಿ, ನಾನು ಓಡಿಸ್ತೀನಿ, ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳಿದರೆ ಆ ಮುಖ ಹೋಗುತ್ತದೆ, ಈಗಷ್ಟೇ ಬಂದ ಮುಖ, ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ, ನೀವು ಕಾರು ಓಡಿಸಬಾರದು ಅಂದ ಹಾಗಲ್ಲ ಅದು, ನಿಮಗೆ ಕಾಣುತ್ತಿಲ್ಲ ಅಂದ ಹಾಗೆ, ಮುಗಿಯಿತು ಅಂದ ಹಾಗೆ, ಅಂಗೈ, ಪಟ್, ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೀ ಕಿತ್ತುಕೊಳ್ಳುತ್ತಿದ್ದೆ, ಕನ್ನಡಿ ನೋಡಲಿಲ್ಲ ಅನ್ನುವುದಕ್ಕೇ ಎಷ್ಟು ಜನರನ್ನು ಲೈಸೆನ್ಸ್ ಟೆಸ್ಟಿಗೆ ಕಳಿಸದೆ ತಡೆದಿಲ್ಲ ನಾನು, ಕಟುಕಿ ಅಂತ ಹೆಸರು ನನಗೆ ಸ್ಕೂಲಿನಲ್ಲಿ, ಕಟುಕಿಯ ನಾಲಿಗೆ ಈಗ ಎಲ್ಲಿ ಸತ್ತುಹೋಯಿತು. ಗೇಟಿನ ಹತ್ತಿರ ಜಡ್ಜ್ ಸಾಹೇಬರು ಕೋಲೂರಿಕೊಂಡು ಕಾಯುತ್ತಿದ್ದಾರೆ, ಹೇಗಿದೆ ನಮ್ಮ ಹುಡುಗಿ, ಬೆಣ್ಣೆ ಸಾರ್ ಬೆಣ್ಣೆ, ಎನ್ನುತ್ತ ಇವರು ಇಳಿದರು, ಇಳಿದವರು ಕೈಕಟ್ಟಿ ನನ್ನೆದುರು ನಿಂತರು, ಈಗ ಹೈಕೋರ್ಟು ಹೇಳಲಿ. ಗೇರು ಬೀಳಲ್ಲ ರೀ, ಅಂದೆ, ಸರಿ ಮಾಡಿಸೋಣ, ಅಡಿಯೆಲ್ಲ ತುಕ್ಕು, ವೆಲ್ಡಿಂಗ್ ಹೊಡೆಸೋಣ, ಪಾರ್ಟ್ಸ್ ಸಿಗಲ್ಲ, ಗುಜರಿಯಲ್ಲಿ ಹುಡುಕ್ತೀನಿ, ಊರಿಗೊಂದು ಗುಜರಿ ಇದೆ, ಬ್ರೇಕು — ನನ್ನ ದನಿ ನನಗೇ ಅಪರಿಚಿತ — ಬ್ರೇಕ್ ಹಿಡಿಯಲ್ಲ. ಬ್ರೇಕ್ ಚೆನ್ನಾಗಿತ್ತಮ್ಮಾ, ಹೋದ ತಿಂಗಳು ಹಾಕ್ಸಿದ್ದು, ಅಂದರು ಜಡ್ಜ್ ಸಾಹೇಬರು, ಮೆತ್ತಗೆ. ಇರ್ಲಿ ಸಾರ್, ಇವಳಿಗೆ ಅನುಮಾನ ಇದ್ರೆ ಇನ್ನೊಂದ್ಸಲ ಹೊಸದು ಹಾಕ್ಸೋಣ, ರಿಪೇರಿ ಆಗ್ದೇ ಇರೋದು ಏನಾದ್ರೂ ಇದ್ರೆ ಹೇಳೇ, ಆಗ ಬಿಟ್ಬಿಡ್ತೀನಿ, ಇವರು ಹೀಗೆ ಹೇಳಿ ನನ್ನ ಮುಖ ನೋಡುತ್ತಿದ್ದಾರೆ, ನನ್ನ ಮುಖದ ನಟ್ಟನಡುವೆ, ಎಷ್ಟು ಚೆನ್ನಾಗಿ ನೋಡುತ್ತಾರೆ. ರಿಪೇರಿ ಆಗದೇ ಇರುವುದು ಒಂದೇ ಇದೆ ರೀ. ತುದಿನಾಲಿಗೆಗೆ ಬಂತು. ನುಂಗಿದೆ.

ನಾನು ಏನೂ ಹೇಳದೇ ಇದ್ದದ್ದನ್ನು ಇವರು ಒಪ್ಪಿಗೆ ಅಂತಲೇ ತಿಳಿದರು, ತಿಳಿಯುತ್ತಾರೆ ಅಂತ ನನಗೆ ಗೊತ್ತಿತ್ತು, ಜೇಬಿನಿಂದ ಕರ್ಚೀಫು ತೆಗೆದು ಕಾರನ್ನು ಸುತ್ತುತ್ತಿದ್ದಾರೆ, ಆಗಲೇ ತಮ್ಮದಾದ ಹಾಗೆ, ಲೈಟಿನ ಮೇಲೆ ಒಂದು ಕೈ, ಬಾನೆಟ್ಟಿನ ಮೇಲೆ ಒಂದು ಕೈ, ಈ ಕಡೆ ಬರಬೇಡಿ, ಬರುತ್ತಾರೆ, ಈ ಕಡೆ ಬರಬೇಡಿ, ಅದು ಅಲ್ಲೇ ಇದೆ, ನನ್ನ ಕಡೆಯ ಹಿಂದಿನ ಗಾಜಿನ ಮೇಲೆ, ಇಳಿಬಿಸಿಲು ನೇರ ಅದರ ಮೇಲೇ ಬಿದ್ದಿದೆ, ಅಂಗೈ, ಐದು ಬೆರಳು, ಒಂದೊಂದು ಗೆಣ್ಣೂ ಎಣಿಸುವಷ್ಟು ಸ್ಪಷ್ಟ, ಇವರು ಬಂದರು, ಬಗ್ಗಿದರು, ಅಯ್ಯೋ ಇಲ್ಲೇನೋ ಕೊಳೆಯಾಗಿದೆ ನೋಡು, ಸಾಹೇಬ್ರು ಗಮನಿಸಿಲ್ಲ, ಅಂದರು, ಬಾಯಿಂದ ಹಾ ಅಂತ ಆವಿ ಬಿಟ್ಟು ಉಜ್ಜಿದರು, ಉಜ್ಜುತ್ತಿದ್ದಾರೆ, ಎಷ್ಟು ಅಕ್ಕರೆಯಿಂದ, ಕೈಯಗಲದಷ್ಟು ಜಾಗ, ಅದರಾಚೆ ಇಲ್ಲ, ಅಂಗೈಯ ನಡುಭಾಗ ಅಳಿಸಿಹೋಯಿತು, ಹೆಜ್ಜೆ ಹಿಂದಕ್ಕಿಟ್ಟು ಕತ್ತು ವಾರೆ ಮಾಡಿ ನೋಡಿದರು, ಈಗ ನೋಡೇ, ಒಂಚೂರೂ ಇಲ್ಲ, ಕನ್ನಡಿ ಇದ್ದ ಹಾಗಿದೆ — ಹೌದು ರೀ, ಅಂದೆ, ನಾನೇ ಅಂದೆ, ಹೌದು ಅಂತ — ಇವರು ಉಜ್ಜಿದ ಗುಂಡಗಿನ ಜಾಗ ಫಳಫಳ ಹೊಳೆಯುತ್ತಿದೆ, ಅದರ ಸುತ್ತ ಐದು ಬೆರಳ ತುದಿ, ಒತ್ತಿದ ಹಾಗೇ, ಐದು ಬೆರಳ ತುದಿ, ಐದೂ