ಕೈತುತ್ತಿನ ಎತ್ತು

ಹಿಂಡಿಯ ಮೇಲೆ ನೊಣ ಕೂತಿದೆ, ಆಚೆ ದೊಡ್ಡಿಯ ಸಿಮೆಂಟಿನ ಗೋದಲೆಯಲ್ಲಿ ಹಿಂಡಿ ಒಣಗಿ ಬಿರುಕು ಬಿಟ್ಟಿದೆ, ಒಂದು ನೊಣ ಎದ್ದರೆ ಎರಡು ಬಂದು ಕೂರುತ್ತವೆ, ಅವುಗಳನ್ನೇ ನೋಡುತ್ತಿರಬೇಕು, ಬೇರೆಲ್ಲೂ ನೋಡಬಾರದು ಎಂದುಕೊಂಡು ದುರ್ಸಿತು ನಿಂತಿದ್ದಾಳೆ, ಎರಡೂ ಕೈ ಬೆನ್ನ ಹಿಂದೆ — ಮುಂದೆ ತಂದಳೋ, ಮಗಾಲ ನೋಡುತ್ತಾನೆ. ಮಗಾಲ, ಅವಳ ಕಂದು ಎತ್ತು, ನಿನ್ನೆ ಮಧ್ಯಾಹ್ನದಿಂದ ಬರೀ ನೀರಿನ ಮೇಲಿದ್ದಾನೆ, ಕಡಿಯುವ ಮೊದಲು ಹೊಟ್ಟೆ ಖಾಲಿ ಇರಬೇಕಂತೆ, ಈ ಕಸಾಯಿಖಾನೆಯ ನಿಯಮ, ಅದನ್ನು ಅವನಿಗೆ ಯಾರು ಹೇಳುವುದು, ಅವನಿಗೆ ಗೊತ್ತಿರುವುದು ಒಂದೇ, ದುರ್ಸಿತು ಬಂದಳು ಎಂದರೆ ತುತ್ತು ಬಂತು. ಇನ್ನೂ ಎಂಟು ಗಂಟೆ, ಆಗಲೇ ಈ ದಿರೇದಾವಾ ಪಟ್ಟಣದ ತಗಡಿನ ಮಾಡು ಸುಡುತ್ತಿದೆ, ಗುಡ್ಡದ ಮೇಲೆ ಅವಳ ಊರಲ್ಲಿ ಈ ಹೊತ್ತಿಗೆ ಇನ್ನೂ ಮಂಜು, ಇನ್ನೂ ಹೊಗೆ, ಅವನ ಮೈಯಿಂದ ಏಳುವ ಬಿಸಿಗೆ ಬೆನ್ನು ಕೊಟ್ಟು ಅವಳು ಕಾಫಿ ಹುರಿಯುತ್ತಿದ್ದಳು — ಹಿಂಡಿ, ನೊಣ, ಹಿಂಡಿ ನೋಡು.

ಎಲ್ಲ ಅತ್ತೆ ಸಾರ್ತುವಿನಿಂದ ಕಲಿತದ್ದು, ಆರು ವರ್ಷ ನೊಗ ಹೊತ್ತ ಎತ್ತನ್ನು ಮುಪ್ಪು ಹತ್ತುವ ಮೊದಲು ಮನೆಯೊಳಗೇ ಕಟ್ಟಿಕೊಂಡು ಕೈಯಿಂದಲೇ ತಿನ್ನಿಸಿ ಕೊಬ್ಬಿಸುವುದು, ಒತ್ತಾಗಿ ಹುಟ್ಟಿದ ಜೋಳದ ಸಸಿ ಕಿತ್ತು, ಗೆಣಸಿನ ಬಳ್ಳಿ ಸುತ್ತಿ, ಉಪ್ಪು ಸವರಿ, ಉಂಡೆ ಮಾಡಿ — ಮುಂದಿನಿಂದಲ್ಲ ಕಣೇ, ಪಕ್ಕದಿಂದ ತೂರಿಸು, ನೀನೇ ಹಲ್ಲಿಗೆ ಬೆರಳು ಕೊಟ್ರೆ ಅದೇನು ಮಾಡುತ್ತೆ ಪಾಪ, ಸೀಮೆಎಣ್ಣೆ ಮುಟ್ಟಿದ ಕೈಯಲ್ಲಿ ಹತ್ತಿರ ಬರಬೇಡ. ಮಗಾಲನ ಒರಟು ನಾಲಗೆ ಮಣಿಕಟ್ಟಿನವರೆಗೆ ಸುತ್ತಿಕೊಂಡು ಉಪ್ಪನ್ನೆಲ್ಲ ನೆಕ್ಕುತ್ತಿತ್ತು, ಚರ್ಮ ಕಿತ್ತುಬರುವ ಹಾಗೆ, ಅವಳು ಅಯ್ಯೋ ಬಿಡೋ ಎಂದು ಬಯ್ಯುತ್ತ ಮತ್ತೊಂದು ತುತ್ತು ಕಟ್ಟುತ್ತಿದ್ದಳು. ನೆರೆಮನೆಯವರು ಅರ್ಧ ಕೈಯಲ್ಲಿ, ಅರ್ಧ ಗೋದಲೆಯಲ್ಲಿ ತಿನ್ನಿಸುತ್ತಾರೆ, ಇವಳಿಗೆ ಜಂಬ, ದುರ್ಸಿತುವಿನ ಕೈ ಗುಣ ನೋಡಿ ಎಂದು ಊರು ಹೊಗಳಿದ್ದೇ ತಡ, ಎಂಟು ತಿಂಗಳು ಒಂದು ಹುಲ್ಲು ಕಡ್ಡಿಯನ್ನೂ ನೆಲಕ್ಕೆ ಹಾಕಲಿಲ್ಲ. ಗಂಡ ಮುಮ್ಮೆ ಬಡಕೊಂಡ, ಗೋದಲೇನೂ ರೂಢಿ ಮಾಡಿಸೇ ಮಾರಾಯ್ತಿ, ನಾಳೆ ನೀನು ಜ್ವರ ಬಂದು ಮಲಗಿದ್ರೆ ಅವನೂ ಮಲಗ್ತಾನೆ. ನಿಮಗೆ ಹೊಟ್ಟೆಕಿಚ್ಚು, ನಿಮ್ಮ ಬಾಯಿಗೆ ಯಾರೂ ಇಡಲ್ಲ ಅಂತ. ನಕ್ಕಳಲ್ಲ ಆಗ, ಹಲ್ಲು ಕಿರಿದು ನಕ್ಕಳಲ್ಲ. ಅತ್ತೆಯೂ ಹಾಗೆಯೇ, ಕೊನೆಯ ಹದಿನೈದು ದಿನ ಮಗನ ಕೈಯಿಂದ ಗಂಜಿ ಮುಟ್ಟದೆ ಮುಖ ತಿರುಗಿಸಿ ಇವಳ ಬೆರಳಿಗೆ ಮಾತ್ರ ಬಾಯಿ ತೆರೆದಳು, ಹಲ್ಲಿಲ್ಲದ ಬಾಯಿ, ಬೆಚ್ಚಗಿನ ನಾಲಗೆ, ಆದರೆ ಅತ್ತೆಗೆ ಕೊಟ್ಟದ್ದು ಗಂಜಿ, ಕೊನೆಯ ತುತ್ತೂ ಗಂಜಿಯೇ, ಅದರಲ್ಲಿ ಮೋಸವಿರಲಿಲ್ಲ.

ಹಿಂದಿನ ಮೂರು ಎತ್ತುಗಳು ಅಂಗಳದಿಂದಲೇ ಹೋದವು, ಕೊಂಡವರು ಹಗ್ಗ ಹಿಡಿದರು, ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು, ಬೇಲಿಯಾಚೆ ಏನಾಯಿತೆಂದು ಕೇಳಿದವಳಲ್ಲ, ಮಾಂಸ ಉಣ್ಣದವಳೂ ಅಲ್ಲ. ಇವನೂ ಹಾಗೇ ಹೋಗಿದ್ದ, ಲಾರಿಯಲ್ಲಿ, ಮೂರನೆಯ ದಿನ ಫೋನು — ಇಲ್ಲಿನ ಮೇಸ್ತ್ರಿ ಅಬ್ದೋಷ್, ಏನ್ರೀ ಮುಮ್ಮೆ, ಎಂಥ ಎತ್ತು ಕೊಟ್ಟಿದ್ದೀರಿ, ಹಿಂಡಿ ಇಟ್ರೆ ಮೂಸಲ್ಲ, ಬೂಸಾ ಇಟ್ರೆ ಮೂಸಲ್ಲ, ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟಿದೆ, ಯಾರು ತಿನ್ನಿಸ್ತಿದ್ರೋ ಅವರನ್ನ ಕಳಿಸಿ. ಜೋಳದ ಸಸಿಯ ಕಟ್ಟು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು, ಓಡೋಡಿ ಬಂದಳು, ಬದುಕಿಸಲಿಕ್ಕೆ ಹೋಗುತ್ತಿದ್ದೇನೆ ಎಂಬ ಹಾಗೆ. ಎಷ್ಟು ಇಳಿದುಹೋಗಿದ್ದ, ಪಕ್ಕೆ ಎಣಿಸಬಹುದಿತ್ತು, ಬೆನ್ನ ಮೇಲೆ ಕೋಲಿನ ಬಾಸುಂಡೆ, ದನಿ ಕೇಳಿದ್ದೇ ಕತ್ತು ಹೊರಳಿಸಿ ನಾಲಗೆ ಚಾಚಿದ. ಕನ್ನಡಕದ ಹುಡುಗಿ, ಪಶುವೈದ್ಯೆ ಲೆನ್ಸಾ, ಅವಳ ಕಣ್ಣಲ್ಲೂ ನೀರಿತ್ತು, ಅಕ್ಕಾ, ಎರಡು ದಿನ ಚೆನ್ನಾಗಿ ತಿನ್ಲಿ, ಸುಧಾರಿಸ್ಕೊಳ್ಲಿ, ಹೆದರಿ ಉಪವಾಸ ಬಿದ್ದ ಎತ್ತಿನ ಮಾಂಸ ಕಪ್ಪಾಗುತ್ತೆ, ಬೇಗ ಕೆಡುತ್ತೆ, ಯಾರೂ ತಗೊಳ್ಳಲ್ಲ. ಓಹೋ. ಅವನು ಹೆದರಿದ್ದು ಇವರಿಗೆ ಮಾಂಸದ ಬಣ್ಣದಲ್ಲಿ ಕಾಣುತ್ತದೆ. ಆದರೂ ತಿನ್ನಿಸಿದಳು, ಎರಡು ದಿನ ತುತ್ತಿನ ಮೇಲೆ ತುತ್ತು, ಕಿವಿಯ ಹಿಂದೆ ಕೆರೆದಳು, ಉಸಿರು ತಣ್ಣಗಾಯಿತು, ಮಲಗಿ ಮೆಲುಕು ಹಾಕಿದ, ನಿನ್ನೆ ಮಧ್ಯಾಹ್ನ ಕೊನೆಯ ಉಂಡೆ, ಇವತ್ತು ಮೊದಲ ಬಸ್ಸಿಗೇ ಹೋಗಬೇಕಿತ್ತು, ತನ್ನ ಕೆಲಸ ತಿನ್ನಿಸುವುದು, ಅಷ್ಟೇ, ಕಡಿಯುವಲ್ಲಿಗೆ ನಡೆಸಿಕೊಂಡು ಹೋಗುವುದಿಲ್ಲ ಎಂದು ಅಬ್ದೋಷನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು, ಮತ್ತೆ ಯಾಕೆ ನಿಂತಿದ್ದಾಳೆ, ಯಾರು ಹಿಡಿದುಕೊಂಡಿದ್ದಾರೆ.

ಕಬ್ಬಿಣದ ಬಾಗಿಲು ಕಿರುಗುಟ್ಟುತ್ತದೆ, ಉದ್ದನೆಯ ಓಣಿ, ಎರಡೂ ಕಡೆ ಸರಳು, ಒದ್ದೆ ನೆಲ, ಮುಂದೆ ಹೋದ ಎತ್ತು ಜಾರಿ ಮೊಣಕಾಲೂರಿ ಬಿದ್ದು ಕೂಗಿತು, ಆ ಕೂಗು ಕೇಳಿದ ಮಗಾಲ ನಾಲ್ಕೂ ಕಾಲು ನೆಟ್ಟು ನಿಂತ, ತೊಡೆ ನಡುಗುತ್ತಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಒಬ್ಬ ಬಾಲ ತಿರುಚಿದ, ಅಬ್ದೋಷ್ ಕರೆಂಟಿನ ಕೋಲು ಎತ್ತಿಕೊಂಡ — ಅಕ್ಕಾ, ನನಗೂ ಆಸೆ ಇಲ್ಲ, ನೀವು ಮುಂದೆ ನಡೆದ್ರೆ ಇದು ಬೇಡ, ಇಲ್ಲಾಂದ್ರೆ ಬೇಕು, ಬೇಗ ಹೇಳಿ, ಹಿಂದೆ ಸಾಲು ನಿಂತಿದೆ. ಚಟ್ ಎಂದಿತು, ಒಂದೇ ಸಲ, ಮಗಾಲ ಕೂಗಲಿಲ್ಲ, ಅವಳ ಕಡೆ ನೋಡಿದ, ನೋಡಿದ ಅಷ್ಟೇ. ಹೋಗದಿದ್ದರೆ ಆ ಕೋಲು ಓಣಿಯುದ್ದಕ್ಕೂ, ಹೋದರೆ — ಒಳಗೆ ಕತ್ತಿಯವನು ಕತ್ತಿಯನ್ನು ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡು ನಿಂತಿರುತ್ತಾನೆ, ಪ್ರಾಣಿಯ ಕಣ್ಣಿಗೆ ಕತ್ತಿ ಬೀಳಬಾರದು, ಪಾಪ, ಕತ್ತಿ ತೋರಿಸಬಾರದು, ಅದಕ್ಕೇ ಕೈ ತೋರಿಸುತ್ತಾರೆ. ನಿಲ್ಸೋ, ಅಂದಳು, ನಿಲ್ಸು, ಬರ್ತೀನಿ. ಸರಳಿನ ಸಂದಿಯಿಂದ ಒಳಗೆ ಇಳಿದಳು, ಬೆನ್ನ ಹಿಂದಿನ ಬಲಗೈ ಮುಂದೆ ಬಂತು, ಮುಷ್ಟಿ ಕಟ್ಟಿತು, ಒಳಗೆ ತುತ್ತು ಇರುವ ಹಾಗೆ, ಏನೂ ಇರಲಿಲ್ಲ, ಉಪ್ಪಿನ ಹರಳೂ ಇರಲಿಲ್ಲ, ಎಂಟು ತಿಂಗಳಲ್ಲಿ ಒಂದು ಸಲವೂ ಖಾಲಿ ಕೈ ಒಡ್ಡಿದವಳಲ್ಲ. ಬಾ ನನ್ನಪ್ಪಾ, ಬಾ. ಬಂದ. ಒಂದು ಹೆಜ್ಜೆ, ಇನ್ನೊಂದು, ನಡುಕ ನಿಂತಿತು, ಕತ್ತು ಚಾಚಿ, ಎಷ್ಟು ನಂಬಿಕೆಯಿಂದ, ಛೀ ನನ್ನ ಜನ್ಮಕ್ಕೆ, ತಿಳಿನೀರಿನಂಥ ಕಣ್ಣು ಬಿಟ್ಟುಕೊಂಡು ಬಂದ, ನಾಲಗೆ ಗೆಣ್ಣುಗಳ ಮೇಲೆ ಆಡಿತು, ಮುಷ್ಟಿಯ ಸುತ್ತ ಆಡಿತು, ಅವಳು ಹಿಮ್ಮುಖವಾಗಿ ನಡೆದಳು, ಪಕ್ಕದ ಸಂದಿಯಿಂದ ಅಬ್ದೋಷ್ ಅವಳ ಭುಜ ಹಿಡಿದು ಹೊರಗೆಳೆದ, ಮಗಾಲನ ಹಿಂದೆ ಬಾಗಿಲು ಧಡ್ ಎಂದು ಬಿತ್ತು.

ಕೈ ತೊಳ್ಕೊಳ್ಳಿ ಅಕ್ಕಾ, ಲೆನ್ಸಾ ನಲ್ಲಿ ತಿರುಗಿಸಿದಳು, ನೀವು ಬಂದದ್ದು ಒಳ್ಳೇದಾಯ್ತು, ಅದಕ್ಕೆ ಏನೂ ಗೊತ್ತಾಗ್ಲಿಲ್ಲ. ಗೊತ್ತಾಗಲಿಲ್ಲವೇ, ಗೋಡೆಯಾಚೆ ಬಿಸ್ಮಿಲ್ಲಾ ಎಂದರು, ಏನೋ ಭಾರವಾದದ್ದು ಬಿತ್ತು, ನೀರು ಸುರಿಯುತ್ತಿದೆ, ಮುಷ್ಟಿ ಬಿಚ್ಚುತ್ತಿಲ್ಲ, ಜೊಲ್ಲು ಇನ್ನೂ ಬೆಚ್ಚಗಿದೆ, ಬಿಚ್ಚಿದರೆ ಖಾಲಿ ಎಂದು ಅವನಿಗೆ ಗೊತ್ತಾಗುತ್ತದೆ, ಬಿಚ್ಚಬಾರದು, ಬಾಗಿಲು ಬೀಳುವ ಮುಂಚೆ ಕಿರುಬೆರಳನ್ನು ಮೆಲ್ಲಗೆ ಎತ್ತಿ ನೋಡುತ್ತಿತ್ತಲ್ಲ, ಆ ನಾಲಗೆ, ಒಳಗೇನಿದೆ ಎಂದು, ಕಿರುಬೆರಳನ್ನು ಎತ್ತಿ, ಆ ನಾಲಗೆ —