ಬಾನೆಟ್ ಎತ್ತೋಕೆ ಯಾರ ಅಪ್ಪಣೆ ಬೇಕು?

ನಮ್ಮ ಕಾರು ಹೊಗೆ ಬಿಡೋಕೆ ಶುರು ಮಾಡಿದ ಮೇಲೆ ನಮ್ಮ ಬೀದಿಯವರಿಗೆ ಮಾತಾಡೋಕೆ ಬೇರೆ ವಿಷಯವೇ ಬೇಕಿರಲಿಲ್ಲ. ಬೆಳಗ್ಗೆ ನಾನು ಕೀಲಿ ತಿರುಗಿಸಿದ್ರೆ ಎದುರು ಮನೆಯವರು ಕಿಟಕಿ ಮುಚ್ಚೋರು. ಪಕ್ಕದ ಮನೆಯಾಕೆ ಒಣಗೋಕೆ ಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡೋಳು. "ಸೊಳ್ಳೆಗೆ ಹೊಗೆ ಹಾಕೋ ಗಾಡಿ ಬಂತು" ಅಂತ ಯಾರೋ ನಗಾಡಿದ್ದೂ ನನ್ನ ಕಿವಿಗೆ ಬಿತ್ತು. ನಗೋರು ನಗಲಿ ಬಿಡಿ, ನನ್ನ ಸಂಕಟ ನನಗೆ.

ನಾನು ನರ್ಸು. ಆಸ್ಪತ್ರೆಯಲ್ಲಿ ಕೂರೋ ನರ್ಸಲ್ಲ, ಮನೆಮನೆಗೆ ಹೋಗೋಳು. ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ತೀನಿ, ಮೂತ್ರದ ಟ್ಯೂಬ್ ಬದಲಾಯಿಸ್ತೀನಿ, ಮಗ್ಗುಲು ಬದಲಿಸೋದು ಹೇಗೆ ಅಂತ ಮನೆಯವರಿಗೆ ಹೇಳಿಕೊಡ್ತೀನಿ. ನಮ್ಮ ಬೀದಿ ಗುಡ್ಡದ ಮೇಲಿದೆ. ಬಸ್ಸು ಕೆಳಗಡೆ ವೃತ್ತದವರೆಗೆ ಬಂದು ವಾಪಸ್ ಹೋಗುತ್ತೆ. ಸಾಮಾನಿನ ಚೀಲ ಹೊತ್ತುಕೊಂಡು ಊರೆಲ್ಲ ಸುತ್ತೋಕೆ ಆಗುತ್ತಾ? ಕಾರು ಹೋದ್ರೆ ನನ್ನ ಕೆಲಸವೂ ಹೋಯ್ತು.

ಕಾರು ನಮ್ಮ ಮಾವನದ್ದು. ಅವರು ತೀರಿಕೊಂಡ ಮೇಲೆ ಓಡಿಸೋಳು ನಾನೊಬ್ಬಳೇ. ಓಡಿಸೋದು ಅಷ್ಟೇ, ಬಾನೆಟ್ ಮುಟ್ಟೋ ಹಾಗಿಲ್ಲ. ಅದು ನಮ್ಮ ಭಾವನ ಕಾನೂನು. ಭಾವ ಅಂದ್ರೆ ನಮ್ಮವರ ಅಣ್ಣ, ಮೇಲಿನ ಮಹಡಿಯಲ್ಲಿರೋರು. "ಇಂಜಿನ್ ಅಂದ್ರೆ ಹುಡುಗಾಟ ಅಲ್ಲಮ್ಮ. ಸ್ಟೀರಿಂಗ್ ಕೊಟ್ಟಿದ್ದೀವಲ್ಲ, ಅಷ್ಟಕ್ಕೆ ಸಮಾಧಾನ ಪಡು" ಅನ್ನೋರು. ಹೊರಗೆ ಮಾತ್ರ ಕಾರು ಫಳಫಳ ಹೊಳೀತಿತ್ತು. ವಾರವಾರ ಸೋಪು ಹಾಕಿ ಉಜ್ಜೋರು. ಒಳಗಡೆ ಏನಾಗಿದೆ ಅಂತ ನೋಡಿದವರನ್ನ ನಾನು ಕಾಣೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.

ಹೊಗೆ ಜಾಸ್ತಿಯಾದಾಗ ಭಾವ ಒಬ್ಬ ಗ್ಯಾರೇಜಿನವನನ್ನ ಕರೆತಂದ್ರು. ಅವನು ಕೈಯಲ್ಲಿದ್ದ ಟೀ ಲೋಟ ಕೆಳಗಿಡಲಿಲ್ಲ. ದೂರದಲ್ಲೇ ನಿಂತು ಹೊಗೆ ನೋಡಿ, "ಇಂಜಿನ್ ಹೋಗಿದೆ ಸಾರ್. ಪೂರ್ತಿ ಬಿಚ್ಚಬೇಕು. ಕಾರಿನ ಬೆಲೆಗಿಂತ ಖರ್ಚೇ ಜಾಸ್ತಿಯಾಗುತ್ತೆ, ಗುಜರಿಗೆ ಕೊಡಿ" ಅಂದು ಟೀ ಮುಗಿಸಿ ಹೋದ.

ಆ ದಿನ ಊಟಕ್ಕೆ ಕೂತಾಗ ಭಾವ ಹೇಳಿದ್ರು, "ಭಾನುವಾರ ಗುಜರಿಯವನು ಬರ್ತಾನೆ. ಮಾತಾಡಿ ಆಗಿದೆ."

"ನನ್ನನ್ನ ಯಾರು ಕೇಳಿದ್ರು ಭಾವ?"

"ಕೇಳೋಕೇನಿದೆ? ಸತ್ತ ಇಂಜಿನ್ ಇಟ್ಟುಕೊಂಡು ಮುದ್ದಾಡ್ತೀಯಾ? ನೀನೂ ಓಡಾಡಿ ಸಾಕಾಗಿದ್ದೀಯ. ಇನ್ನು ಆರಾಮಾಗಿ ಮನೇಲಿರು."

ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮವರ ಮುಖ ನೋಡಿದೆ. "ಅಣ್ಣ ಹೇಳೋದೂ ಸರಿ, ನೀನು ಹೇಳೋದೂ ಸರಿ" ಅಂದ್ರು. ಅವರು ಯಾವಾಗಲೂ ಹೀಗೇ, ಅಡ್ಡಗೋಡೆ ಮೇಲೆ ದೀಪ ಇಡೋ ಜಾತಿ.

"ಕಾರು ಎಲ್ಲಿಗೂ ಹೋಗಲ್ಲ" ಅಂದೆ. "ಸತ್ತಿದೆ ಅಂತ ಹೇಳೋಕೆ ನಾಡಿ ಹಿಡಿದು ನೋಡಬೇಕು. ಅವನು ನೋಡಿದ್ದು ಟೀ ಲೋಟ."

ಮಾರನೇ ದಿನ ಕಾರನ್ನ ಹೊಗೆ ಸಮೇತ ಇಳಿಜಾರಿನಲ್ಲಿ ಇಳಿಸಿಕೊಂಡು ನೀರಿನ ಪಂಪ್‌ಹೌಸಿಗೆ ಹೋದೆ. ಅಲ್ಲಿ ಪಂಪು ನೋಡಿಕೊಳ್ಳೋ ಹೆಂಗಸನ್ನ ಎಲ್ಲರೂ ಪಂಪಕ್ಕ ಅಂತಾರೆ. ಬಾಯಿ ಜೋರು. ತನ್ನ ಹಳೇ ಕಾರನ್ನ ತಾನೇ ನೋಡಿಕೊಳ್ತಾಳೆ, ಯಾರ ಮಾತೂ ಕೇಳಲ್ಲ.

"ಪಂಪಕ್ಕ, ಇದರ ಕಥೆ ಮುಗೀತಾ ಸ್ವಲ್ಪ ನೋಡ್ತೀಯಾ?"

"ನಾನ್ಯಾಕೆ ನೋಡಲಿ? ಕಾರು ನಿಂದು. ಬಾನೆಟ್ ನೀನೇ ಎತ್ತು."

"ನಮ್ಮ ಭಾವ ಬೈತಾರೆ."

"ನಿಮ್ಮ ಭಾವ ಬಾನೆಟ್ ಒಳಗೆ ಕೂತಿದ್ದಾನೇನೇ?"

ಎತ್ತಿದೆ. ಎಣ್ಣೆ ಅಳೆಯೋ ಕಡ್ಡಿ ಎಳೆಯೋಕೆ ಕೈ ಹಾಕಿದೆ. ಪಂಪಕ್ಕ ತಡೆದಳು.

"ತಡಿ. ಈಗ ತಾನೇ ಆಫ್ ಮಾಡಿದ್ದೀಯ. ಎಣ್ಣೆ ಇನ್ನೂ ಮೇಲೆಲ್ಲ ಅಂಟಿಕೊಂಡಿರುತ್ತೆ, ಕೆಳಗೆ ಇಳಿದಿರಲ್ಲ. ಈಗ ನೋಡಿದ್ರೆ ಕಮ್ಮಿ ತೋರಿಸುತ್ತೆ. ಓಡಿ ಬಂದವರಿಗೆ ತಕ್ಷಣ ಬಿಪಿ ನೋಡ್ತೀಯಾ ನೀನು?"

"ಇಲ್ಲ, ಸ್ವಲ್ಪ ಹೊತ್ತು ಕೂರಿಸ್ತೀನಿ."

"ಇದನ್ನೂ ಕೂರಿಸು. ಇನ್ನೊಂದು ವಿಷಯ, ಇಲ್ಲಿ ನೆಲ ಸಮ ಇದೆ. ನಿಮ್ಮ ಬೀದಿ ಹಾಗಿಲ್ಲ. ಮೂತಿ ಮೇಲೆ ಮಾಡಿ ನಿಲ್ಲಿಸಿದ್ರೆ ಎಣ್ಣೆ ಹಿಂದಕ್ಕೆ ಸರಿಯುತ್ತೆ, ಕಡ್ಡಿ ಸುಳ್ಳು ಹೇಳುತ್ತೆ."

ಕಾದೆವು. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದೆ. ಕಡ್ಡಿ ತುದಿಯಲ್ಲಿ ಎರಡು ಗೆರೆ ಇರುತ್ತೆ, ಎಣ್ಣೆ ಆ ಎರಡರ ಮಧ್ಯೆ ಇರಬೇಕು. ನಮ್ಮದು ಮೇಲಿನ ಗೆರೆ ದಾಟಿ ಎಲ್ಲೋ ಹೋಗಿತ್ತು.

"ಇದೇನೇ, ಇಂಜಿನ್ನೋ ಎಣ್ಣೆ ಗಾಣವೋ?" ಅಂದಳು ಪಂಪಕ್ಕ. "ಯಾರು ಸುರಿದಿದ್ದು?"

"ಯಾರೂ ಇಲ್ಲ."

"ತಾನಾಗೇ ಹುಟ್ಟಿತಾ? ಎಣ್ಣೆ ಕಮ್ಮಿಯಾದ್ರೆ ಇಂಜಿನ್ ಸವೆಯುತ್ತೆ. ಜಾಸ್ತಿಯಾದ್ರೆ ಒಳಗೆ ತಿರುಗೋ ಕಬ್ಬಿಣ ಅದನ್ನ ಮೊಸರು ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತೆ. ಆ ಎಣ್ಣೆ ಹೋಗಬಾರದ ಜಾಗಕ್ಕೆ ಹೋಗಿ ಉರಿಯುತ್ತೆ. ನಿನ್ನ ಹೊಗೆ ಅದೇ ಇರಬೇಕು. ಹೊಗೆಗೆಲ್ಲ ಇದೊಂದೇ ಕಾರಣ ಅಂತಲ್ಲ, ನಿಜವಾಗಿ ಸವೆದಿದ್ರೂ ಬರುತ್ತೆ. ಆದ್ರೆ ಮೊದಲು ಇದನ್ನ ಸರಿ ಮಾಡು, ಆಮೇಲೆ ತೀರ್ಮಾನ. ಅಲ್ಲಿವರೆಗೂ ಓಡಿಸಬೇಡ, ಇಲ್ಲೇ ಬಿಡು."

ಮನೆಗೆ ನಡೆದುಕೊಂಡೇ ಹೋದೆ. ಎಲ್ಲರನ್ನೂ ಕೂರಿಸಿ ಕೇಳಿದೆ, ಎಣ್ಣೆ ಹಾಕಿದವರು ಯಾರು ಅಂತ.

ಮೊದಲು ಅತ್ತೆ ಬಾಯಿ ಬಿಟ್ಟರು. "ನಿಮ್ಮ ಮಾವ ಹೋಗೋವಾಗ ಇಂಜಿನ್ನಿಗೆ ಎಣ್ಣೆ ತಪ್ಪಿಸಬೇಡಿ ಅಂದಿದ್ರಲ್ಲ. ನೀನು ಕೆಲಸ ಮುಗಿಸಿ ಬಂದ ತಕ್ಷಣ ನಾನು ಕಡ್ಡಿ ನೋಡ್ತಿದ್ದೆ. ಕಮ್ಮಿ ಕಾಣಿಸೋದು. ಒಂದು ಚೂರು ಹಾಕ್ತಿದ್ದೆ."

ಬಟ್ಟೆ ಒಗೆಯೋ ಮೆಷಿನ್ ಹಿಂದಿನಿಂದ ಅತ್ತೆಯ ಆಯಿಲ್ ಡಬ್ಬ ಹೊರಗೆ ಬಂತು. ನಮ್ಮವರು ತಲೆ ಕೆರೆದುಕೊಂಡು ಮೆಟ್ಟಿಲ ಕೆಳಗಿನಿಂದ ತಮ್ಮ ಡಬ್ಬ ತಂದಿಟ್ಟರು. ಅವರೂ ಅದೇ ಇಳಿಜಾರಿನಲ್ಲಿ, ಅದೇ ಬಿಸಿ ಇಂಜಿನ್ನಿನಲ್ಲಿ ನೋಡಿ ಹಾಕ್ತಿದ್ದರಂತೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮಾವನ ಮಾತು ನಡೆಸಿಕೊಡೋದು ನಾನೊಬ್ಬಳೇ, ನಾನೊಬ್ಬನೇ ಅಂತ ಇಬ್ಬರಿಗೂ ಒಳಗೊಳಗೇ ಹೆಮ್ಮೆ.

"ನನ್ನ ಕಡೆ ಯಾಕೆ ನೋಡ್ತೀರಿ?" ಅಂದ್ರು ಭಾವ. "ನಾನು ಹಾಕಿದ್ರೂ ಅಳತೆ ನೋಡಿಯೇ ಹಾಕೋದು."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು. ನಾನು ಅವರನ್ನೇ ನೋಡಿದೆ. ಭಾವ ಎದ್ದು ಮೇಲೆ ಹೋಗಿ ಬೀರು ತೆಗೆದ ಸದ್ದು ಕೇಳಿಸಿತು. ಮೂರನೇ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದರು. "ಅಪ್ಪ ನನಗೆ ಗಾಡಿ ಕಲಿಸಿದ್ದು ಇದರಲ್ಲೇ" ಅಂದ್ರು. ಆಮೇಲೆ ಡಬ್ಬ ಪಕ್ಕಕ್ಕೆ ಸರಿಸಿ, "ಆಗಿದ್ದು ಆಯ್ತು. ಇಂಜಿನ್ ಹೇಗೂ ಹಾಳಾಗಿದೆ. ಗುಜರಿಯವನಿಗೆ ಮಾತು ಕೊಟ್ಟಿದ್ದೀನಿ."

"ನಿಮ್ಮ ಮಾತು ನಿಮ್ಮದು ಭಾವ. ಕೀಲಿ ನನ್ನ ಹತ್ತಿರ ಇದೆ."

ಶನಿವಾರ ಪಂಪ್‌ಹೌಸಿನ ಅಂಗಳಕ್ಕೆ ನಾನು, ನಮ್ಮವರು ಇಬ್ಬರೂ ಹೋದ್ವಿ. ನಮ್ಮವರು ಜಾಕಿ ಏರಿಸಿ ಕೆಳಗೆ ನುಸುಳೋಕೆ ಹೊರಟಿದ್ರು. ಪಂಪಕ್ಕ ಕಾಲು ಹಿಡಿದು ಎಳೆದಳು.

"ಜಾಕಿ ಜಾರಿದ್ರೆ ನಿಮ್ಮ ಹೆಂಡತಿಗೆ ನೀವೂ ಒಬ್ಬ ಪೇಷಂಟ್ ಆಗ್ತೀರಿ, ಅದೂ ಬದುಕಿದ್ರೆ. ಕಾರಿಗೆ ಸ್ಟ್ಯಾಂಡ್ ಇಟ್ಟು, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಅಲ್ಲಾಡಿಸಿ ನೋಡಿ ಆಮೇಲೆ ಹೋಗಿ."

ಬಿಸಿಲಿಗೆ ನಿಂತು ಎಣ್ಣೆ ಬೆಚ್ಚಗಿತ್ತು, ಸುಡ್ತಿರಲಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ ಹಳೇದನ್ನೆಲ್ಲ ತೊಟ್ಟಿಗೆ ಇಳಿಸಿದ್ವಿ. ಆಯಿಲ್ ಫಿಲ್ಟರ್ ಹೊಸದು ಹಾಕಿದ್ವಿ. ಏರ್ ಫಿಲ್ಟರ್ ತೆಗೆದ್ರೆ ಒಣಗಿದ ಎಲೆ, ಧೂಳು, ಮೇಲೆ ಎಣ್ಣೆಯ ಜಿಡ್ಡು. ಇಷ್ಟು ದಿನ ಪಾಪ ಇದು ಮೂಗು ಕಟ್ಟಿಕೊಂಡೇ ಗುಡ್ಡ ಹತ್ತಿದೆ. ಅದನ್ನೂ ಬದಲಾಯಿಸಿದೆ. ಕಿಡಿ ಹೊತ್ತಿಸೋ ಪ್ಲಗ್‌ಗಳು ಕಪ್ಪಾಗಿದ್ವು, ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯ ಹೊಸವನ್ನೇ ಹಾಕಿದೆ. ಬ್ಯಾಟರಿ ತುದಿಯ ಬಿಳಿ ಪಾಚಿ ಉಜ್ಜಿ ತೆಗೆದೆ. ಇಂಜಿನ್ ತಣ್ಣಗಿಡೋ ಕೂಲೆಂಟ್ ನೀರಿನ ಮುಚ್ಚಳಕ್ಕೆ ಕೈ ಹಾಕೋ ಮುಂಚೆ ನಾನೇ ಮುಟ್ಟಿ ನೋಡಿದೆ, ತಣ್ಣಗಾಗಿದೆಯಾ ಅಂತ. ಬಿಸಿ ಇದ್ದಾಗ ತೆಗೆದು ಮುಖ ಸುಟ್ಟುಕೊಂಡವರಿಗೆ ಮುಲಾಮು ಹಚ್ಚಿದ ಕೈ ಇದು. ಬ್ರೇಕ್ ಮಾತ್ರ ಮುಟ್ಟಲಿಲ್ಲ. ಅದು ಕಲಿತವರ ಕೆಲಸ ಅಂತ ಪಂಪಕ್ಕ ಮೊದಲೇ ಹೇಳಿದ್ದಳು.

ಹಳೇ ಎಣ್ಣೆಯ ತೊಟ್ಟಿ ಎತ್ತಿಕೊಂಡು ನಮ್ಮವರು ಚರಂಡಿ ಕಡೆ ಎರಡು ಹೆಜ್ಜೆ ಇಟ್ಟರು ನೋಡಿ.

"ಇಡಿ ಕೆಳಗೆ" ಅಂದಳು ಪಂಪಕ್ಕ. "ನಾನು ಊರಿಗೆ ನೀರು ಬಿಡೋಳು, ನನ್ನ ಕಣ್ಣೆದುರಿಗೇ ವಿಷ ಸುರೀತೀರಾ? ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ."

ಹೊಸ ಎಣ್ಣೆ ಹಾಕಿ, ಕಡ್ಡಿ ನೋಡಿ ಗೆರೆಗೆ ಸರಿಯಾಗಿ ನಿಲ್ಲಿಸಿದೆ. ಅಷ್ಟೊತ್ತಿಗೆ ಭಾವನೂ ಅತ್ತೆಯೂ ಗೇಟಿನ ಹತ್ತಿರ ಬಂದು ನಿಂತಿದ್ರು. ಕೀಲಿ ತಿರುಗಿಸಿದೆ. ಮೊದಲಿಗಿಂತ ದಟ್ಟವಾಗಿ ಹೊಗೆ ಬಂತು.

"ನಾನು ಹೇಳಲಿಲ್ವಾ?" ಅಂದ್ರು ಭಾವ.

ನಾನು ಕೀಲಿ ಹಿಂದಕ್ಕೆ ತಿರುಗಿಸೋಕೆ ಹೋದೆ. ಪಂಪಕ್ಕ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಳು. "ಆಫ್ ಮಾಡಬೇಡ. ಪೈಪಿನಲ್ಲಿ ಕೂತಿದ್ದ ಹಳೇ ಎಣ್ಣೆ ಉರಿದು ಹೋಗಲಿ. ನಲ್ಲಿ ರಿಪೇರಿ ಆದ ಮೇಲೆ ಮೊದಲು ಬರೋದು ಕೆಂಪು ನೀರೇ."

ಹೊಗೆ ತೆಳುವಾಯ್ತು. ಇನ್ನೂ ತೆಳುವಾಯ್ತು. ಆಮೇಲೆ ನಿಂತೇ ಹೋಯ್ತು. ಇಂಜಿನ್ ಒಂದೇ ಸಮ ಓಡ್ತಿತ್ತು. ನನಗೆ ಅಳು ಬಂತು, ಅತ್ತೆಗೂ ಬಂತು.

ಭಾನುವಾರ ಗುಜರಿಯವನು ಬಂದ. ಬಂದವನೇ ಕಾರಿನ ಬಾಗಿಲು ತಟ್ಟಿ, "ಸತ್ತ ಇಂಜಿನ್ನಿಗೆ ಇದಕ್ಕಿಂತ ಜಾಸ್ತಿ ಯಾರೂ ಕೊಡಲ್ಲ ಸಾರ್" ಅಂತ ಭಾವನ ಹತ್ತಿರ ಶುರು ಮಾಡಿದ. ಅದೇ ಹೊತ್ತಿಗೆ ನನಗೆ ಫೋನ್ ಬಂತು. ಮಲಗಿರೋ ಅಜ್ಜನೊಬ್ಬರ ಟ್ಯೂಬ್ ಕಟ್ಟಿಕೊಂಡಿದೆ, ನೋವಿನಲ್ಲಿ ಒದ್ದಾಡ್ತಿದ್ದಾರೆ ಅಂತ ಅವರ ಸೊಸೆ. ನಾನು ಚೀಲ ಎತ್ತಿಕೊಂಡು ಕಾರು ಸ್ಟಾರ್ಟ್ ಮಾಡಿದೆ. ಗುಜರಿಯವನು ಮಾತು ನಿಲ್ಲಿಸಿ ಕಿವಿ ಕೊಟ್ಟು ಕೇಳಿದ. ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದ.

"ಸಾರ್" ಅಂದ ಭಾವನಿಗೆ, "ಹೇಳಿದ್ದಕ್ಕೆ ಇನ್ನೂ ಅಷ್ಟೇ ಸೇರಿಸಿ ಕೊಡ್ತೀನಿ. ಈಗಲೇ ಕೊಟ್ಟುಬಿಡಿ."

ಭಾವ ಅವನನ್ನ ನೋಡಿದ್ರು, ನನ್ನನ್ನ ನೋಡಿದ್ರು. ಅವರಿಗೆ ಆಗ ಅರ್ಥವಾಯ್ತು.

"ಸತ್ತಿದ್ದಕ್ಕೆ ಯಾಕಪ್ಪ ಇಷ್ಟು ಆಸೆ?" ಅಂದ್ರು. "ನಿನ್ನ ಗಾಡಿ ಅಡ್ಡ ಇದೆ, ತೆಗಿ. ನಮ್ಮ ಹುಡುಗಿ ಕೆಲಸಕ್ಕೆ ಹೋಗಬೇಕು."

ಅವನು ತೆಗೆದ. ನಾನು ಹೋದೆ. ಅಜ್ಜನ ಒದ್ದಾಟ ನಿಲ್ಲಿಸಿ, ಅವರು ಕಣ್ಣು ಮುಚ್ಚಿ ಮಲಗೋದನ್ನ ನೋಡಿ ಬಂದೆ.

ಈಗ ನಮ್ಮ ಮನೆಯಲ್ಲಿ ಎಣ್ಣೆ ಡಬ್ಬ ಒಂದೇ. ಸಮ ನೆಲದಲ್ಲಿ, ಇಂಜಿನ್ ಆರಿದ ಮೇಲೆ ಕಡ್ಡಿ ನೋಡೋಳು ನಾನು. ಪಕ್ಕದಲ್ಲಿ ಬಟ್ಟೆ ಹಿಡಿದು ನಿಲ್ಲೋರು ಭಾವ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆ ಮುಂದೆಯೂ ಒಂದು ಹಳೇ ಕಾರು ನಿಂತಿರಬಹುದು. ಅದನ್ನ ಓಡಿಸೋರು ಯಾರೋ, ಅದರ ಹೊಟ್ಟೆ ನೋಡಿಕೊಳ್ಳೋರೂ ಅವರೇ ಆಗಲಿ. ಎಣ್ಣೆ ಎಷ್ಟಿದೆ, ಗಾಳಿ ಹೋಗೋ ದಾರಿ ಕಟ್ಟಿದೆಯಾ, ಕೂಲೆಂಟ್ ಇದೆಯಾ ಅಂತ ಆಗಾಗ ನೋಡಿ. ಅತಿಯಾದರೆ ಅಮೃತವೂ ವಿಷ, ಪ್ರೀತಿಯಿಂದ ಸುರಿದ ಎಣ್ಣೆಯೂ ಅಷ್ಟೇ. ಕೈ ಮಸಿಯಾದ್ರೆ ಸೋಪಿದೆ. ನಿಮಗೆ ಇದೆಲ್ಲ ತಿಳಿಯಲ್ಲ ಅಂದವರಿಗೆ, ತಿಳ್ಕೊಳ್ಳೋಕೇ ಬಾನೆಟ್ ಎತ್ತಿದ್ದೀನಿ ಅನ್ನಿ. ಇಂಜಿನ್ ಸತ್ತಿದೆ ಅಂತ ಯಾರಾದ್ರೂ ಹೇಳಿದ್ರೆ, ಎಲ್ಲಿ ಸತ್ತಿದೆ ಬಂದು ತೋರಿಸು ಅನ್ನಿ. ತೋರಿಸೋಕೆ ಬಾರದವನ ಮಾತಿಗೆ ನಿಮ್ಮ ಕೀಲಿ ಕೊಡಬೇಡಿ.